ಮಾತ್ರೆಗೂ ಒಂದು ಜೀವನ ಪ್ರಮಾಣ ಪತ್ರ ಕೇಳಿ

ಪ್ರತಿ ನವೆಂಬರ್‌ನಲ್ಲಿ ನಮ್ಮಪ್ಪ ಪಿಂಚಣಿಗಾಗಿ ಬ್ಯಾಂಕಿಗೆ ಹೋಗಿ ನಾನಿನ್ನೂ ಬದುಕಿದ್ದೇನೆ ಎಂದು ಸಾಬೀತು ಮಾಡಿ ಬರುತ್ತಾರೆ. ಕೌಂಟರ್ ಮುಂದೆ ನಿಂತು ಕೆಮ್ಮಿದರೂ, ಜಗಳ ಆಡಿದರೂ ಅದು ಸಾಕ್ಷಿ ಅಲ್ಲ. ಬೆರಳು ಒತ್ತಬೇಕು, ಸವೆದ ಬೆರಳು ಮಷೀನಿಗೆ ಹಿಡಿಸದಿದ್ದರೆ ಪಕ್ಕದ ಬೆರಳು, ಅದೂ ಆಗದಿದ್ದರೆ ನಾಳೆ ಬನ್ನಿ. ಹೋದ ಸಲ ನೆಗಡಿ ಬೇರೆ ಇತ್ತು. ಬರುವಾಗ ಮೆಡಿಕಲ್ ಶಾಪಿನಿಂದ ಒಂದು ಸ್ಟ್ರಿಪ್ ಮಾತ್ರೆ ತಂದರು.

ಸ್ಟ್ರಿಪ್ಪಿನ ಹಿಂದೆ ಇರುವೆ ಗಾತ್ರದ ಅಕ್ಷರ: ಪ್ಯಾರಾಸಿಟಮಾಲ್ 500, ಕ್ಲೋರ್‌ಫೆನಿರಮಿನ್ 2, ಫಿನೈಲೆಫ್ರಿನ್ 10 ಮಿ.ಗ್ರಾಂ. ಕಟ್ಟಿದ ಮೂಗು ಬಿಡಿಸುವ ಗುತ್ತಿಗೆ ಕೊನೆಯವನದು.

ಈ ಮಹಾಶಯನಿಗೆ ಅಮೆರಿಕದ ತಜ್ಞರು ಪಾಸ್ ಕೊಟ್ಟಿದ್ದು 1976ರಲ್ಲಿ. ಆಗ ಮೂಗಿನ ಕೆಲಸ ನಿಜವಾಗಿ ಮಾಡುತ್ತಿದ್ದವನು ಸೂಡೋಎಫೆಡ್ರಿನ್ ಎಂಬ ಇನ್ನೊಬ್ಬ. ಅವನಿಂದ ಜನ ಮಾದಕವಸ್ತು ಬೇಯಿಸತೊಡಗಿದರು ಅಂತ 2006ರಲ್ಲಿ ಅವನನ್ನು, ಕೇಳಿದರಷ್ಟೇ ಸಿಗುವಂತೆ, ಕೌಂಟರ್ ಹಿಂದಕ್ಕೆ ತಳ್ಳಿದರು. ನಮ್ಮವನು ಕಿಟಕಿಯಿಂದ ಕರ್ಚೀಫ್ ಎಸೆದು ಸೀಟು ಹಿಡಿದ. ಎಬ್ಬಿಸಿ ಟಿಕೆಟ್ ನೋಡೋಣ ಅಂದವರು ಕಮ್ಮಿ. 2007ರಲ್ಲಿ ಒಂದು ಸಮಿತಿ ಕೂತು, ಇನ್ನಷ್ಟು ಅಧ್ಯಯನ ಆಗಲಿ ಎಂದು ಎದ್ದುಹೋಯಿತು. ಕೊನೆಗೆ 2023ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಸಲಹಾ ಸಮಿತಿಯ 16ಕ್ಕೆ 16 ಜನವೂ ಒಂದೇ ಮಾತು ಹೇಳಿದರು: ನುಂಗಿದರೆ ಇದು ಕೆಲಸ ಮಾಡಲ್ಲ. ಕರುಳು, ಲಿವರ್ ದಾಟುವಷ್ಟರಲ್ಲೇ ಕರಗಿ, ರಕ್ತಕ್ಕೆ ಸೇರೋದು 1 ಪರ್ಸೆಂಟಿಗಿಂತ ಕಮ್ಮಿಯಂತೆ. 47 ವರ್ಷ! ಮುಂದಿನ ವರ್ಷ ಎಫ್‌ಡಿಎ ಇದನ್ನು ಪಟ್ಟಿಯಿಂದ ತೆಗೆಯುವ ಪ್ರಸ್ತಾಪ ಮಾಡಿತು. ಯಾವ ತಿಂಗಳು ಗೊತ್ತಾ? ನವೆಂಬರ್. ಅಪಾಯ ಏನಿಲ್ಲ, ಕೆಲಸ ಮಾಡಲ್ಲ ಅಷ್ಟೇ ಅಂತ ಸಮಾಧಾನ ಬೇರೆ.

ನಮ್ಮಲ್ಲಿ ಯಾರೂ ಕೇಳಲೇ ಇಲ್ಲ ಅಂತಲ್ಲ. 2023ರ ಡಿಸೆಂಬರ್‌ನಲ್ಲಿ, ಕ್ಲೋರ್‌ಫೆನಿರಮಿನ್-ಫಿನೈಲೆಫ್ರಿನ್ ಜೋಡಿಯನ್ನು 4 ವರ್ಷದೊಳಗಿನ ಮಕ್ಕಳಿಗೆ ಕೊಡಬೇಡಿ ಎಂದು ಲೇಬಲ್ ಮೇಲೆ ಬರೆಯಲು ಆದೇಶ ಆಯಿತು. ಅಪ್ಪನಿಗೆ 4 ದಾಟಿ ತುಂಬಾ ದಿನ ಆಯ್ತಲ್ಲ, ಅವರ ಮೂಗು ಅವರ ಕರ್ಮ. ಅದಕ್ಕೂ ಮೊದಲು, 2016ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಒಟ್ಟಿಗೆ 344 ಮಿಶ್ರಣ ಔಷಧಿಗಳನ್ನು ನಿಷೇಧಿಸಿತ್ತು. ಕಂಪನಿಗಳು ಕೋರ್ಟಿಗೆ ಹೋದವು, ದೆಹಲಿ ಹೈಕೋರ್ಟ್ ಆದೇಶ ರದ್ದು ಮಾಡಿತು, ಸುಪ್ರೀಂ ಕೋರ್ಟ್ ಮತ್ತೆ ಪರಿಶೀಲಿಸಿ ಎಂದಿತು, 328ನ್ನು ಮತ್ತೆ ನಿಷೇಧಿಸುವಷ್ಟರಲ್ಲಿ 2018ರ ಸೆಪ್ಟೆಂಬರ್ ಬಂದಿತ್ತು. ಅಪ್ಪ ದಾಖಲೆಯಲ್ಲಿ ಸತ್ತರೆ ಪಿಂಚಣಿ ಮರುತಿಂಗಳೇ ಬಂದ್. ಮಾತ್ರೆ ಸತ್ತರೆ ವಕೀಲರನ್ನಿಟ್ಟು ಇನ್ನೆರಡೂವರೆ ವರ್ಷ ಬದುಕುತ್ತದೆ.

ಇಷ್ಟೆಲ್ಲ ಹೇಳಿದೆ. ಅಪ್ಪ ಸುಮ್ನೆ ಕೇಳಿಸಿಕೊಂಡು, ಮಾತ್ರೆ ನುಂಗಿ ಮಲಗಿದರು. ಕ್ಲೋರ್‌ಫೆನಿರಮಿನ್ ಮಾತ್ರ ತನ್ನ ಕೆಲಸ ಮಾಡಿತು, ಬಾಯಿ ತೆರೆದು ಮೂರು ಗಂಟೆ ಗೊರಕೆ. ಎದ್ದವರೇ ನನ್ನ ಕಡೆ ಗೆದ್ದ ಮುಖ ಮಾಡಿ ಹೇಳಿದರು:

"ಒಳ್ಳೇ ಬಾತ್ರೆ ಕಣೋ. ಬೂಗು ಪೂರ್ತಿ ಬಿಡ್ತು."