ಮೋಟೋಕ್ರಾಸ್‌ಗೆ ಯಾವ ಸೈಕಲ್ ಒಳ್ಳೆಯದು? ಮೊದಲು ವಾರಕ್ಕೆಷ್ಟು ದಿನ ಟ್ರ್ಯಾಕ್‌ಗೆ ಹೋಗುತ್ತೀರಿ ಹೇಳಿ

ಮೋಟೋಕ್ರಾಸ್ (ಮಣ್ಣಿನ ಟ್ರ್ಯಾಕ್ ಮೇಲಿನ ಮೋಟಾರ್‌ಬೈಕ್ ರೇಸ್) ಓಡಿಸುವ ನಾಲ್ಕು ಜನ ಒಂದು ಕಡೆ ಸೇರಿದರೆ ಈ ವಾದ ಶುರುವಾಗದೆ ಇರುವುದಿಲ್ಲ. ದಮ್ಮು ಹೆಚ್ಚಿಸಿಕೊಳ್ಳಲು ಮೌಂಟನ್ ಬೈಕ್ (ಎಂಟಿಬಿ, ಅಂದರೆ ಗುಡ್ಡಗಾಡಿನ ಸೈಕಲ್) ತುಳಿಯಬೇಕಾ, ರೋಡ್ ಸೈಕಲ್ ತುಳಿಯಬೇಕಾ? ಎಂಟಿಬಿ ಪಕ್ಷದವರು, ಅದೂ ಮಣ್ಣು, ಇದೂ ಮಣ್ಣು, ಇದರಲ್ಲಿ ಕೇಳುವುದೇನಿದೆ ಅನ್ನುತ್ತಾರೆ. ರೋಡ್ ಪಕ್ಷದವರು ದೊಡ್ಡ ದೊಡ್ಡ ಚಾಂಪಿಯನ್‌ಗಳ ಹೆಸರು ಹೇಳಿ ಬಾಯಿ ಮುಚ್ಚಿಸುತ್ತಾರೆ. ನನ್ನ ಅಭಿಪ್ರಾಯ ಸೀದಾ ಹೇಳಿಬಿಡುತ್ತೇನೆ. ವಾರಕ್ಕೆ ಮೂರು ನಾಲ್ಕು ದಿನ ಮೋಟೋಕ್ರಾಸ್ ಬೈಕ್ ಮೇಲೆ ಇರುವವರಿಗೆ ರೋಡ್ ಸೈಕಲ್. ವಾರಕ್ಕೊಮ್ಮೆಯೋ ಹದಿನೈದು ದಿನಕ್ಕೊಮ್ಮೆಯೋ ಟ್ರ್ಯಾಕ್ ಕಾಣುವ ನಮ್ಮಂಥವರಿಗೆ ಎಂಟಿಬಿ. ಯಾವ ಸೈಕಲ್ ಮೋಟೋಕ್ರಾಸ್‌ಗೆ ಹತ್ತಿರ ಅನ್ನುವುದಕ್ಕಿಂತ, ನಿಮಗೆ ಮೋಟೋಕ್ರಾಸ್‌ನಿಂದ ಸಿಗದೆ ಇರುವುದು ಯಾವುದು ಅನ್ನುವುದು ಮುಖ್ಯ.

(ಗೊಂದಲ ಬೇಡ ಅಂತ ಹೇಳುತ್ತೇನೆ, ಇನ್ನು ಮುಂದೆ ಬೈಕ್ ಅಂದರೆ ಎಂಜಿನ್ ಇರುವುದು, ಸೈಕಲ್ ಅಂದರೆ ತುಳಿಯುವುದು.)

ಒಂದು ಮೋಟೋದಲ್ಲಿ, ಅಂದರೆ ಮೋಟೋಕ್ರಾಸ್‌ನ ಒಂದು ರೇಸ್‌ನಲ್ಲಿ, ದೇಹದ ಮೇಲೆ ಏನೇನು ಬೀಳುತ್ತದೆ ನೋಡಿ. ವಿಶ್ವ ಚಾಂಪಿಯನ್‌ಶಿಪ್ ಆಗಲಿ, ಅಮೆರಿಕದ ಔಟ್‌ಡೋರ್ ಸರಣಿ ಆಗಲಿ, ಒಂದು ಮೋಟೋ ಅಂದರೆ 30 ನಿಮಿಷ, ಅದರ ಮೇಲೆ 2 ಲ್ಯಾಪ್. ಒಂದೇ ದಿನ ಅಂಥವು ಎರಡು. ಸ್ಟೇಡಿಯಂ ಒಳಗೆ ನಡೆಯುವ ಸೂಪರ್‌ಕ್ರಾಸ್‌ನಲ್ಲಿ 450 ಕ್ಲಾಸ್‌ನ (450 ಸಿಸಿ ಬೈಕ್‌ಗಳ) ಮುಖ್ಯ ರೇಸ್ 20 ನಿಮಿಷ ಮತ್ತು 1 ಲ್ಯಾಪ್. ಈ ಹೊತ್ತಿನಲ್ಲಿ ಬಹುಪಾಲು ಹೃದಯ ಬಡಿತ ಗರಿಷ್ಠದ ಶೇ. 90ರ ಆಸುಪಾಸಿನಲ್ಲೇ ಇರುತ್ತದೆ, ಕೆಲವೊಮ್ಮೆ ಅದಕ್ಕಿಂತ ಮೇಲೆ. ಕೆಳಗೆ 100 ಕಿಲೋಗೂ ಜಾಸ್ತಿ ತೂಕದ ಬೈಕ್ ಇದೆ, ಪ್ರತಿ ಲ್ಯಾಪ್‌ಗೂ ಆಳವಾಗುವ ಗುಂಡಿಗಳಿವೆ, ಮೈತುಂಬಾ ಗಾಳಿಯಾಡದ ರಕ್ಷಣಾ ಉಡುಪು ಇದೆ. "ಎಂಜಿನ್ ಎಳೆಯುತ್ತೆ, ನೀವು ಸುಮ್ನೆ ಕೂತಿರ್ತೀರ ಅಲ್ವಾ" ಅನ್ನುವ ಮಾತು ಕೇಳಿದಾಗ ನನಗೆ ನಿಜವಾಗಿ ಬೇಸರವಾಗುತ್ತದೆ. ಕೂರುವುದು ಹೆಚ್ಚಾಗಿ ತಿರುವಿನಲ್ಲಿ, ಅದೂ ಒಂದೆರಡು ಸೆಕೆಂಡ್. ಉಳಿದ ಹೊತ್ತೆಲ್ಲ ಅರ್ಧ ಬಗ್ಗಿದ ಮಂಡಿಯ ಮೇಲೆ ನಿಂತೇ ಇರಬೇಕು.

ಹೃದಯ ಬಡಿತ ಅಷ್ಟು ಏರುವುದು ಕಾಲಿನ ಕೆಲಸದಿಂದ ಮಾತ್ರ ಅಲ್ಲ. ಹ್ಯಾಂಡಲ್ ಹಿಡಿದ ಮುಂಗೈ, ಬೈಕನ್ನು ಒತ್ತಿ ಹಿಡಿದ ತೊಡೆ, ಬಗ್ಗಿದ ಬೆನ್ನು, ಇವೆಲ್ಲ ಚಲಿಸದೇ ಬಿಗಿದುಕೊಂಡು ಕೆಲಸ ಮಾಡುತ್ತಿರುತ್ತವೆ. ಬಿಗಿದ ಸ್ನಾಯುವಿನೊಳಗೆ ರಕ್ತ ಸರಿಯಾಗಿ ಹರಿಯುವುದಿಲ್ಲ, ಹೃದಯ ಇನ್ನೂ ಜೋರಾಗಿ ಬಡಿದುಕೊಳ್ಳುತ್ತದೆ. ಮೇಲಿಂದ ಭಯ, ಉತ್ಸಾಹ, ಸೆಕೆ. ಆದ್ದರಿಂದ ಮೋಟೋದಲ್ಲಿ 180 ಬಡಿತ ಇತ್ತು, ಸೈಕಲ್ ಮೇಲೂ 180 ಮುಟ್ಟಿಸಿದೆ, ಲೆಕ್ಕ ಸರಿಹೋಯಿತು ಅಂತ ಅಂದುಕೊಳ್ಳಬೇಡಿ. ಗಡಿಯಾರದಲ್ಲಿ ಕಾಣುವ ಸಂಖ್ಯೆ ಒಂದೇ, ಅದರ ಹಿಂದಿನ ಕೆಲಸ ಬೇರೆ. ಸಾಲದ್ದಕ್ಕೆ ಆರ್ಮ್ ಪಂಪ್ ಇದೆಯಲ್ಲ, ಮುಂಗೈ ಕಲ್ಲಿನ ಹಾಗೆ ಗಟ್ಟಿಯಾಗಿ ಬೆರಳು ಕ್ಲಚ್ ಎಳೆಯಲು ಒಪ್ಪದೇ ಇರುವುದು. ಸ್ನಾಯು ಊದುತ್ತದೆ, ಅದನ್ನು ಸುತ್ತಿದ ಪೊರೆ ಹಿಗ್ಗುವುದಿಲ್ಲ, ಒಳಗಿನ ಒತ್ತಡ ಏರುತ್ತದೆ. ಬಹಳ ಸಲ ಅದು ಶುರುವಾಗುವುದು ಕಾಲು ಸೋತಾಗ. ತೊಡೆ ಬೈಕ್ ಹಿಡಿಯುವುದು ಬಿಟ್ಟ ಕೂಡಲೇ ಆ ಕೆಲಸವೆಲ್ಲ ಕೈಗೆ ಬರುತ್ತದೆ.

ಈಗ ಚಾಂಪಿಯನ್‌ಗಳ ವಿಷಯಕ್ಕೆ ಬರೋಣ. ರೋಡ್ ಪಕ್ಷದವರು ಮೊದಲು ಎತ್ತುವ ಹೆಸರು ದಕ್ಷಿಣ ಆಫ್ರಿಕಾದ ತರಬೇತುದಾರ ಆಲ್ಡನ್ ಬೇಕರ್ ಅವರದು. ಅವರ ಕೈಯಲ್ಲಿ ಪಳಗಿದವರ ಪಟ್ಟಿ ದೊಡ್ಡದು. ರಿಕಿ ಕಾರ್ಮೈಕಲ್ 2002 ಮತ್ತು 2004ರಲ್ಲಿ ಅಮೆರಿಕದ ಔಟ್‌ಡೋರ್ ಸರಣಿಯ 24 ಮೋಟೋಗಳಲ್ಲಿ 24ನ್ನೂ ಗೆದ್ದರು. ರಯಾನ್ ವಿಲೊಪೊಟೊ 2011ರಿಂದ 2014ರವರೆಗೆ ಸತತ ನಾಲ್ಕು ಸೂಪರ್‌ಕ್ರಾಸ್ ಪಟ್ಟ ಗೆದ್ದರು, ಅವರ ಹಿಂದೆಯೇ ರಯಾನ್ ಡಂಜಿ 2015, 2016, 2017. ಇವರೆಲ್ಲ ಗಂಟೆಗಟ್ಟಲೆ ರೋಡ್ ಸೈಕಲ್ ತುಳಿದವರು. ಆದರೆ ಆಲ್ಡನ್ ಬೇಕರ್ ತಾವು ಸ್ವತಃ ಎಂಟಿಬಿ ರೇಸರ್ ಆಗಿದ್ದವರು. ಎಂಟಿಬಿಯ ಗುಣ ಅವರಿಗೆ ಗೊತ್ತಿಲ್ಲದ್ದಲ್ಲ. ಆದರೂ ತಮ್ಮ ರೈಡರ್‌ಗಳನ್ನು ಡಾಂಬರ್ ಮೇಲೆ ಅಷ್ಟು ಹೊತ್ತು ಯಾಕೆ ತುಳಿಸಿದರು?

ನನಗೆ ಕಾಣುವ ಉತ್ತರ ಇದು. ಆ ಹುಡುಗರಿಗೆ ಗುಂಡಿ, ಹಾರು (ಜಂಪ್), ತಿರುವು, ಬ್ರೇಕಿಂಗ್ ಎಲ್ಲ ಬೈಕ್ ಮೇಲೆಯೇ ಬೇಕಾದಷ್ಟು ಸಿಗುತ್ತಿತ್ತು. ವಾರದಲ್ಲಿ ಹಲವು ದಿನ, ದಿನಕ್ಕೆ ಹಲವು ಮೋಟೋ. ಅವರ ಮುಂಗೈಗೆ, ಬೆನ್ನಿಗೆ, ಕಣ್ಣಿಗೆ ಇನ್ನೊಂದಿಷ್ಟು ಹೊಡೆತ ಬೇಕಾಗಿರಲಿಲ್ಲ. ಬೇಕಾಗಿದ್ದು ಹೊಡೆತವಿಲ್ಲದ ದಮ್ಮು. ಎರಡು ಮೂರು ಗಂಟೆ ಒಂದೇ ಸಮನೆ, ಮಾತಾಡುತ್ತಾ ತುಳಿಯಬಹುದಾದ ವೇಗದಲ್ಲಿ ಹೋಗಿ ಹೃದಯವನ್ನು ಗಟ್ಟಿ ಮಾಡಿಕೊಳ್ಳುವುದು. ಇದಕ್ಕೆ ರೋಡ್ ಸೈಕಲ್‌ನಷ್ಟು ಒಳ್ಳೆಯ ಸಾಧನ ಇನ್ನೊಂದಿಲ್ಲ. ಓಟದಲ್ಲಿ ಪ್ರತಿ ಹೆಜ್ಜೆಯೂ ಮಂಡಿಗೆ ಬೀಳುತ್ತದೆ, ಸೈಕಲ್‌ನಲ್ಲಿ ಆ ಬಡಿತ ಇಲ್ಲ. ಮರುದಿನ ಕಾಲು ನೋವೂ ಅಷ್ಟಾಗಿ ಇರುವುದಿಲ್ಲ, ಬೈಕ್ ಹತ್ತಬಹುದು. ತುಳಿಯುವ ಶಕ್ತಿ ಅಳೆಯುವ ಪವರ್ ಮೀಟರ್ ಇದ್ದರಂತೂ ಎಷ್ಟು ವ್ಯಾಟ್, ಎಷ್ಟು ನಿಮಿಷ ಅಂತ ಹೇಳಿದರೆ ಅಷ್ಟೇ. ನಾಲ್ಕು ನಿಮಿಷದ ಕಠಿಣ ಇಂಟರ್ವಲ್ (ನಡುನಡುವೆ ಬಿಡುವು ಕೊಟ್ಟು ಜೋರಾಗಿ ತುಳಿಯುವುದು) ಬೇಕಾದರೆ ನಾಲ್ಕೇ ನಿಮಿಷ, ಮಧ್ಯದಲ್ಲಿ ಬೇರು, ಬಂಡೆ ಅಡ್ಡ ಬರುವುದಿಲ್ಲ.

ಗುಡ್ಡದಲ್ಲಿ ಎಂಟಿಬಿ ತುಳಿಯುವಾಗ ಇದು ಆಗುವುದೇ ಇಲ್ಲ. ಅಲ್ಲಿ ನಿಮ್ಮ ಹೃದಯ ಬಡಿತವನ್ನು ನಿರ್ಧರಿಸುವುದು ನೀವಲ್ಲ, ಗುಡ್ಡ. ಹಗುರವಾಗಿ ಹೋಗೋಣ ಅಂತ ಹೊರಟರೂ ಕಡಿದಾದ ಏರು ಬಂದರೆ ಹಲ್ಲು ಕಚ್ಚಿ ತುಳಿಯಲೇಬೇಕು, ಇಳಿಜಾರು ಬಂದರೆ ತುಳಿಯುವುದೇ ಇಲ್ಲ. ಕೊನೆಗೆ ಪ್ರತಿ ಸವಾರಿಯೂ ಹಗುರವೂ ಅಲ್ಲದ, ನಿಜವಾಗಿ ಕಠಿಣವೂ ಅಲ್ಲದ ಒಂದು ನಡುವಿನ ಸುಸ್ತಾಗಿ ಮುಗಿಯುತ್ತದೆ. ವಾರಕ್ಕೆ ನಾಲ್ಕು ದಿನ ಬೈಕ್ ಓಡಿಸುವವನು ಅದರ ಮೇಲೆ ಇಂಥ ಸುಸ್ತನ್ನು ಹೇರಿಕೊಂಡರೆ ಕೆಲವೇ ವಾರಗಳಲ್ಲಿ ಸವೆದುಹೋಗುತ್ತಾನೆ. ನಿದ್ದೆ ಕೆಡುತ್ತದೆ, ಬೆಳಿಗ್ಗೆ ಎದ್ದಾಗಲೇ ನಾಡಿ ಜಾಸ್ತಿ ಇರುತ್ತದೆ, ಲ್ಯಾಪ್ ಟೈಮ್ ಇಳಿಯುವ ಬದಲು ಏರುತ್ತದೆ.

ಹಾಗಾದರೆ ಎಲ್ಲರೂ ರೋಡ್ ಸೈಕಲ್ ಹಿಡಿಯಬೇಕಲ್ಲ? ಇಲ್ಲ. ಇಲ್ಲಿಯೇ ಜನ ತಪ್ಪು ಪಾಠ ತೆಗೆದುಕೊಳ್ಳುವುದು. ಚಾಂಪಿಯನ್ ತುಳಿದ ಸೈಕಲ್ ಮಾತ್ರ ನೋಡುತ್ತಾರೆ, ಅವನು ಬೈಕ್ ಮೇಲೆ ಕಳೆದ ಹೊತ್ತು ನೋಡುವುದಿಲ್ಲ. ಕೆಲಸ, ಮನೆ, ಟ್ರ್ಯಾಕ್‌ನ ದೂರ ಎಲ್ಲ ಸೇರಿ ನಮಗೆ ಬೈಕ್ ಸಿಗುವುದೇ ಅಪರೂಪ. ನಮಗೆ ದಮ್ಮು ಕಡಿಮೆ ಹೌದು. ಆದರೆ ಅದಕ್ಕಿಂತ ಕಡಿಮೆ ಇರುವುದು ಒರಟು ನೆಲದ ಮೇಲೆ ವೇಗವಾಗಿ ಹೋಗುವ ಅಭ್ಯಾಸ. ಎರಡು ವಾರ ಬಿಟ್ಟು ಟ್ರ್ಯಾಕ್‌ಗೆ ಹೋದಾಗ ಮೊದಲ ಕೆಲವು ಲ್ಯಾಪ್‌ಗಳಲ್ಲಿ ಕಣ್ಣು ಮುಂದಿನ ಚಕ್ರದ ಹತ್ತಿರವೇ ಅಂಟಿಕೊಂಡಿರುತ್ತದೆ, ಕೈ ಬಿಗಿಯಾಗಿರುತ್ತದೆ, ಬ್ರೇಕ್ ಬೇಗ ಹಿಡಿಯುತ್ತೇವೆ. ರೋಡ್ ಸೈಕಲ್ ಎಷ್ಟು ತುಳಿದರೂ ಇದು ಸರಿಹೋಗುವುದಿಲ್ಲ.

ಎಂಟಿಬಿಯಲ್ಲಿ ಕಾಡುದಾರಿಯ ಇಳಿಜಾರು ಇಳಿಯುವಾಗ ಮೈ ನಿಲ್ಲುವ ರೀತಿ ನೋಡಿ. ಪೆಡಲ್ ಮೇಲೆ ನಿಂತಿದ್ದೀರಿ, ಸೊಂಟ ಹಿಂದೆ, ಮೊಣಕೈ ಹೊರಗೆ, ತಲೆ ಹ್ಯಾಂಡಲ್ ಮೇಲೆ, ಕಣ್ಣು ದೂರ. ಮೋಟೋಕ್ರಾಸ್‌ನ ನಿಲುವಿಗೆ ಬಹಳ ಹತ್ತಿರ. ಯಾವ ಕಲ್ಲಿನ ಮೇಲೆ ಹೋಗಬೇಕು, ಯಾವುದನ್ನು ಬಿಡಬೇಕು, ಎಲ್ಲಿ ಬ್ರೇಕ್ ಬಿಡಬೇಕು ಅಂತ ಒಂದರ ಹಿಂದೊಂದು ನಿರ್ಧಾರ. ಅದೂ ಈಗಷ್ಟೇ ಏರು ಹತ್ತಿ ಉಸಿರು ಕಟ್ಟಿರುವಾಗ. ಸುಸ್ತಾದ ತಲೆಯಿಂದ ಸರಿಯಾದ ಲೈನ್ (ಚಕ್ರ ಹೋಗಬೇಕಾದ ದಾರಿ) ಆರಿಸುವುದು, ನನ್ನ ಪ್ರಕಾರ ಎಂಟಿಬಿ ಕೊಡುವ ಅತಿ ದೊಡ್ಡ ಲಾಭ ಇದೇ. ರೇಸ್‌ನ ಕೊನೆಯ ಐದು ನಿಮಿಷದಲ್ಲಿ ಬೀಳುವವರು ಬೀಳುವುದು ಆ ತಲೆ ಕೆಲಸ ನಿಲ್ಲಿಸಿದಾಗ.

ವೇಗ ಉಳಿಸಿಕೊಳ್ಳುವ ಕಲೆಯೂ ಅಲ್ಲೇ ಬರುತ್ತದೆ. ಸೈಕಲ್‌ನಲ್ಲಿ ಥ್ರಾಟಲ್ ಇಲ್ಲ, ತಿರುವಿನಲ್ಲಿ ಕಳೆದ ವೇಗವನ್ನು ಕಾಲಿನಿಂದಲೇ ಮತ್ತೆ ಸಂಪಾದಿಸಬೇಕು. ಆದ್ದರಿಂದ ಬ್ರೇಕ್ ಹಿಡಿಯಲು ತಾನಾಗಿಯೇ ಜಿಪುಣತನ ಬರುತ್ತದೆ. ಡೌನ್‌ಹಿಲ್ (ಎಂಟಿಬಿಯಲ್ಲಿ ಇಳಿಜಾರಿನ ರೇಸ್) ರೇಸರ್ ಆರನ್ ಗ್ವಿನ್ 2015ರಲ್ಲಿ ಆಸ್ಟ್ರಿಯಾದ ಲಿಯೊಗ್ಯಾಂಗ್ ವಿಶ್ವಕಪ್‌ನಲ್ಲಿ ಶುರುವಿನಲ್ಲೇ ಚೈನ್ ತುಂಡಾಗಿ, ಒಂದು ಪೆಡಲ್ ಕೂಡ ತುಳಿಯಲಾಗದೆ ಇಳಿದು ಗೆದ್ದರು. ಬರ್ಮ್‌ಗಳಲ್ಲಿ (ಹೊರ ಅಂಚಿನಲ್ಲಿ ಮಣ್ಣು ಎತ್ತರಿಸಿದ ತಿರುವು), ಉಬ್ಬುಗಳಲ್ಲಿ ಮೈಯಿಂದ ಒತ್ತಿ ವೇಗ ಹುಟ್ಟಿಸುತ್ತಾ ಹೋದ ಓಟ ಅದು. ಡೌನ್‌ಹಿಲ್‌ಗೆ ಬರುವ ಮೊದಲು ಅವರೂ ಮೋಟೋಕ್ರಾಸ್ ರೇಸ್ ಮಾಡಿದವರು.

ಒಂದು ಸಣ್ಣ ವಿಷಯ, ಆದರೆ ನನಗೆ ಬಹಳ ಮುಖ್ಯ ಅನಿಸುವುದು. ನಿಮ್ಮ ಸೈಕಲ್‌ನಲ್ಲಿ ಮುಂದಿನ ಬ್ರೇಕ್ ಯಾವ ಕೈಯಲ್ಲಿದೆ ನೋಡಿ. ಮೋಟೋಕ್ರಾಸ್ ಬೈಕ್‌ನಲ್ಲಿ ಅದು ಬಲಗೈ. ಕೆಲವು ದೇಶಗಳಲ್ಲಿ ಸೈಕಲ್ ಬರುವುದೇ ಎಡಗೈಯಲ್ಲಿ ಮುಂದಿನ ಬ್ರೇಕ್ ಇಟ್ಟುಕೊಂಡು. ಹಾಗಿದ್ದರೆ ಅದಲು ಬದಲು ಮಾಡಿಸಿ. ಗಾಬರಿಯಲ್ಲಿ ಕೈ ಯೋಚನೆ ಮಾಡುವುದಿಲ್ಲ, ಅಭ್ಯಾಸ ಇದ್ದದ್ದನ್ನು ಮಾಡುತ್ತದೆ. ಹಾಗೆಯೇ ಫ್ಲಾಟ್ ಪೆಡಲ್ (ಶೂ ಸಿಕ್ಕಿಸದ ಚಪ್ಪಟೆ ಪೆಡಲ್) ಹಾಕಿಸಿ. ಕ್ಲಿಪ್ ಇರುವ ಶೂ ಹಾಕಿದರೆ ಪಾದ ಎತ್ತಿದಾಗ ಸೈಕಲ್ಲೂ ಮೇಲೆ ಬರುತ್ತದೆ. ಬೈಕ್‌ನ ಪೆಗ್ (ಪಾದ ಇಡುವ ಕಂಬಿ) ಹಾಗೆ ಬರುವುದಿಲ್ಲ. ಪಾದ ಒತ್ತಿಯೇ ಹಿಡಿತ ಇಟ್ಟುಕೊಳ್ಳುವುದನ್ನು ಕಲಿಯಬೇಕಲ್ವಾ.

ಎಂಟಿಬಿ ಎಲ್ಲವನ್ನೂ ಕಲಿಸುತ್ತದೆ ಅಂತ ನಾನು ಹೇಳುತ್ತಿಲ್ಲ, ಕೆಲವನ್ನು ತಪ್ಪಾಗಿ ಕೂಡ ಕಲಿಸುತ್ತದೆ. ಹದಿನಾಲ್ಕು ಹದಿನೈದು ಕಿಲೋದ ಸೈಕಲನ್ನು ಕೈಯಿಂದ ಎಳೆದು ಬೇಕಾದ ಕಡೆ ಎಸೆಯಬಹುದು. ನೂರು ಕಿಲೋದ ಬೈಕ್ ಮೇಲೆ ಅದನ್ನೇ ಮಾಡಲು ಹೋದರೆ ಮೂರನೇ ಲ್ಯಾಪ್‌ಗೆ ಮುಂಗೈ ಮುಗಿಯಿತು. ತಿರುವಿನಲ್ಲಿ ಸೈಕಲ್ ಮೇಲೆ ಹೊರಗಿನ ಪಾದ ಕೆಳಗೆ ಒತ್ತಿ ನಿಂತೇ ಹೋಗುತ್ತೇವೆ. ಬೈಕ್‌ನಲ್ಲಿ ಸೀಟಿನ ಮುಂಭಾಗಕ್ಕೆ ಜಾರಿ ಕೂತು, ಒಳಗಿನ ಕಾಲು ಮುಂದೆ ಚಾಚಬೇಕು. ಹಾರಿನಲ್ಲಂತೂ ಎರಡೂ ಪೂರ್ತಿ ಬೇರೆ. ಬೈಕ್‌ನ ಮೂತಿ ಗಾಳಿಯಲ್ಲಿ ಕೆಳಗಾದರೆ ಥ್ರಾಟಲ್ ಕೊಟ್ಟು ಹಿಂದಿನ ಚಕ್ರ ಜೋರಾಗಿ ತಿರುಗಿಸಿ ಮೇಲೆತ್ತಬಹುದು, ಜಾಸ್ತಿ ಮೇಲಾದರೆ ಹಿಂದಿನ ಬ್ರೇಕ್ ಒತ್ತಿ ಇಳಿಸಬಹುದು. ಸೈಕಲ್‌ನಲ್ಲಿ ಆ ಎಂಜಿನ್ ಸಹಾಯ ಇಲ್ಲ, ಮೈಯಿಂದಲೇ ಸರಿಮಾಡಿಕೊಳ್ಳಬೇಕು. ಹಾರು ಕಲಿಯಬೇಕು ಅನ್ನುವವರು ಬೈಕ್ ಮೇಲೆಯೇ ಕಲಿಯಲಿ.

ಇನ್ನು ಮೂಳೆಯ ಮಾತು. ಇದನ್ನು ಯಾರೂ ಹೇಳುವುದಿಲ್ಲ, ನನಗೆ ಅದರ ಬಗ್ಗೆ ಚಿಂತೆ ಇದೆ. ವರ್ಷಗಟ್ಟಲೆ ಬರೀ ರೋಡ್ ಸೈಕಲ್ ತುಳಿಯುವ ಸ್ಪರ್ಧಿಗಳಲ್ಲಿ ಬೆನ್ನುಮೂಳೆಯ ಸಾಂದ್ರತೆ ಕಡಿಮೆ ಇರುವುದನ್ನು ಹಲವು ಅಧ್ಯಯನಗಳು ತೋರಿಸಿವೆ. ಮೂಳೆ ಗಟ್ಟಿಯಾಗಲು ಭಾರ ಬೇಕು, ಸ್ವಲ್ಪ ಹೊಡೆತವೂ ಬೇಕು. ಮೋಟೋಕ್ರಾಸ್ ಅಂದರೆ ಒಂದಲ್ಲ ಒಂದು ದಿನ ಬೀಳುವ ಆಟ. ಆದ್ದರಿಂದ ರೋಡ್ ಸೈಕಲ್ ಆರಿಸಿಕೊಂಡವರು ಭಾರ ಎತ್ತುವ ವ್ಯಾಯಾಮ ಬಿಡಲೇಬಾರದು. ಸ್ಕ್ವಾಟ್, ಡೆಡ್‌ಲಿಫ್ಟ್, ಅಷ್ಟಿದ್ದರೂ ಸಾಕು. ಬಗ್ಗಿದ ಮಂಡಿಯ ಮೇಲೆ ಹೊತ್ತುಗಟ್ಟಲೆ ನಿಲ್ಲುವ ಶಕ್ತಿಯೂ ಅದರಿಂದಲೇ ಬರುವುದು, ಪೆಡಲ್ ತಿರುಗಿಸುವುದರಿಂದ ಅಲ್ಲ.

ಅಪಾಯದ ಲೆಕ್ಕ ಹಾಕುವಾಗ ಎಂಟಿಬಿಯಲ್ಲಿ ಕಾಲರ್ ಮೂಳೆ ಮುರಿಯುತ್ತೆ, ಮಣಿಕಟ್ಟು ಮುರಿಯುತ್ತೆ ಅನ್ನುತ್ತಾರೆ. ನಿಜವೇ. ಆದರೆ ರಸ್ತೆ ಸುರಕ್ಷಿತ ಅಂತ ಯಾರು ಹೇಳಿದರು? ನಿಕಿ ಹೇಡನ್ 2006ರ ಮೋಟೋಜಿಪಿ ವಿಶ್ವ ಚಾಂಪಿಯನ್. ಅಷ್ಟು ವರ್ಷ ರೇಸ್ ಬೈಕ್ ಮೇಲೆ ಬದುಕಿ ಉಳಿದವರು. 2017ರ ಮೇ ತಿಂಗಳಲ್ಲಿ ಇಟಲಿಯ ರಿಮಿನಿ ಹತ್ತಿರ ಸೈಕಲ್ ತುಳಿಯುತ್ತಿದ್ದಾಗ ಕಾರು ಗುದ್ದಿ ಕೆಲವೇ ದಿನಗಳಲ್ಲಿ ತೀರಿಕೊಂಡರು. ಇವತ್ತಿಗೂ ಅದನ್ನು ನೆನೆದರೆ ಮನಸ್ಸು ಭಾರವಾಗುತ್ತದೆ. ವಾಹನ ಓಡಾಟ ಜಾಸ್ತಿ ಇರುವ ರಸ್ತೆ ಬಿಟ್ಟು ಬೇರೆ ಇಲ್ಲ ಅನ್ನುವವರು ಇಂಟರ್ವಲ್‌ಗಳನ್ನು ಮನೆಯೊಳಗೆ ಟ್ರೈನರ್ (ಸೈಕಲ್ ನಿಂತಲ್ಲೇ ತುಳಿಯುವ ಸ್ಟ್ಯಾಂಡ್) ಮೇಲೆಯೇ ಮಾಡಿ. ತಲೆ ತಗ್ಗಿಸಿ ಪೂರ್ತಿ ಶಕ್ತಿ ಹಾಕುವ ಹೊತ್ತಿನಲ್ಲಿ ಹಿಂದಿನ ಲಾರಿಯ ಮೇಲೆ ಗಮನ ಇಡಲು ಆಗುವುದಿಲ್ಲ.

ರೇಸ್ ಹತ್ತಿರ ಬಂದಾಗ ನನ್ನ ನಿಲುವು ಬದಲಾಗುತ್ತದೆ. ಕೊನೆಯ ಎರಡು ವಾರ ಯಾರೇ ಆಗಲಿ ಎಂಟಿಬಿ ಮುಟ್ಟಬೇಡಿ. ಅಷ್ಟರಲ್ಲಿ ಕಲಿಯುವುದೇನೂ ಉಳಿದಿಲ್ಲ, ಕಳೆದುಕೊಳ್ಳಲು ಒಂದು ಬೇರು ಸಾಕು. ಆಗ ಡಾಂಬರ್ ಅಥವಾ ಟ್ರೈನರ್, ಅದೂ ಕಡಿಮೆ ಹೊತ್ತು.

ಇ-ಎಂಟಿಬಿ (ಬ್ಯಾಟರಿ ಮೋಟಾರ್ ಇರುವ ಎಂಟಿಬಿ) ಬಗ್ಗೆ ಕೆಲವರು ಮೂಗು ಮುರಿಯುತ್ತಾರೆ, ಮೋಸ ಅನ್ನುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ಏರಿನಲ್ಲಿ ಮೋಟಾರ್ ಸಹಾಯ ಇದ್ದರೆ ಹೃದಯ ಬಡಿತವನ್ನು ಹಗುರ ಮಟ್ಟದಲ್ಲೇ ಇಡಬಹುದು, ಅಂದರೆ ಎಂಟಿಬಿಯ ಮುಖ್ಯ ದೋಷವೇ ಕಡಿಮೆಯಾಯಿತು. ಅಷ್ಟೇ ಹೊತ್ತಿನಲ್ಲಿ ಜಾಸ್ತಿ ಇಳಿಜಾರು ಸಿಗುತ್ತದೆ. ಸೈಕಲ್ ಭಾರವೂ ಇಪ್ಪತ್ತು ಕಿಲೋ ದಾಟುವುದರಿಂದ ಕೈಯಿಂದ ಎಸೆಯುವ ಚಟ ಕಡಿಮೆಯಾಗುತ್ತದೆ. ದುಬಾರಿ ಅನ್ನುವುದೊಂದೇ ನಿಜವಾದ ತಕರಾರು.

ಒಂದೇ ಸೈಕಲ್ ಕೊಳ್ಳುವಷ್ಟು ದುಡ್ಡಿದೆ, ಏನು ಮಾಡಲಿ ಅಂತ ಕೇಳುವವರಿಗೆ: ಎಂಟಿಬಿಯನ್ನೇ ಕೊಳ್ಳಿ. ಸಾದಾ ಹಾರ್ಡ್‌ಟೇಲ್ ಸಾಕು, ಹಿಂದೆ ಸಸ್ಪೆನ್ಶನ್ ಇಲ್ಲದಿದ್ದರೆ ಕಾಲು ಇನ್ನೂ ಚೆನ್ನಾಗಿ ಕೆಲಸ ಕಲಿಯುತ್ತದೆ. ವಾರದಲ್ಲಿ ಒಂದು ದಿನ ಗುಡ್ಡಕ್ಕೆ ಹೋಗಿ. ಕಡಿದಾದ ಏರು ಬಂದು ಉಸಿರು ಕೈಮೀರಿದರೆ ಇಳಿದು ತಳ್ಳಿ, ಅದರಲ್ಲಿ ನಾಚಿಕೆ ಏನಿದೆ. ಇನ್ನೆರಡು ದಿನ ಅದೇ ಸೈಕಲ್‌ನ ಟೈರಿಗೆ ಗಾಳಿ ಜಾಸ್ತಿ ಹಾಕಿ, ಮುಂದಿನ ಸಸ್ಪೆನ್ಶನ್ ಲಾಕ್ ಮಾಡಿ, ವಾಹನಗಳಿಲ್ಲದ ಸಮತಟ್ಟು ದಾರಿಯಲ್ಲಿ ಒಂದೂವರೆ ಗಂಟೆ ಒಂದೇ ಸಮನೆ ತುಳಿಯಿರಿ. ವೇಗ ರೋಡ್ ಸೈಕಲ್‌ನಷ್ಟು ಬರುವುದಿಲ್ಲ, ಹಿಂದಿನಿಂದ ಬಂದವರು ದಾಟಿ ಹೋಗುತ್ತಾರೆ, ಹೋಗಲಿ ಬಿಡಿ. ಹೃದಯಕ್ಕೆ ಸಿಗಬೇಕಾದ ಕೆಲಸ ಅಷ್ಟೇ ಸಿಗುತ್ತದೆ.