ಹಾಳೆ ಹೊದ್ದ ಪೆಟ್ಟಿಗೆ

ನಮ್ಮನೆಗೆ ಯಾವುದೇ ಹೊಸ ಯಂತ್ರ ಬರಲಿ, ಮೊದಲು ಅಮ್ಮನ ಮುಂದೆ ಹಾದುಹೋಗಬೇಕು. ಅವಳು ಅದನ್ನು ಮುಟ್ಟುವುದೂ ಇಲ್ಲ. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, ಎರಡು ನಿಮಿಷ ನೋಡಿ, ಒಂದು ಮಾತು ಹೇಳಿ ಒಳಗೆ ಹೋಗುತ್ತಾಳೆ. ಆಮೇಲೆ ಆ ಯಂತ್ರದ ಬಗ್ಗೆ ಬೇರೆ ಅಭಿಪ್ರಾಯ ಇಟ್ಟುಕೊಳ್ಳುವುದು ನಮ್ಮ ಕೈಲಿ ಆಗುವುದಿಲ್ಲ. ಅಡಿಕೆ ಸುಲಿಯುವ ಯಂತ್ರ ಬಂದ ದಿನ ಹೀಗೇ ನೋಡಿ, "ಸುಲಿಯದೇನೋ ಸುಲಿತದೆ, ಮಾತಿಗೆ ಜನ ಇಲ್ಲ" ಅಂದಿದ್ದಳು. ಈಗಲೂ ಅದರ ಮುಂದೆ ಕೂತರೆ, ಅಷ್ಟು ಗಲಾಟೆಯಲ್ಲೂ ನನಗೆ ಆ ಮಾತೇ ಕೇಳಿಸುತ್ತದೆ.

ಸೋನಿ ಕಂಪನಿಯ ಟಿವಿ ಆಟದ ಪೆಟ್ಟಿಗೆ ಪ್ಲೇಸ್ಟೇಷನ್ 5 ನಮ್ಮಲ್ಲಿಗೆ ಬಂದದ್ದು 2022ರ ಮಳೆಗಾಲದಲ್ಲಿ. ಭಾರತದಲ್ಲಿ ಅದು ಮಾರಾಟಕ್ಕೆ ಬಂದದ್ದು 2021ರ ಫೆಬ್ರುವರಿ 2ಕ್ಕೆ, ಅಮೆರಿಕ ಜಪಾನಿನವರು ಆಡಲು ಶುರುಮಾಡಿ ಎರಡೂವರೆ ತಿಂಗಳಾದ ಮೇಲೆ. ಬಂತು ಅಂತ ಹೆಸರಿಗೆ. ಕಂಪ್ಯೂಟರ್ ಚಿಪ್ಪಿನ ಬರಗಾಲದಲ್ಲಿ ಯಾರ ಕೈಗೂ ಸಿಗುತ್ತಿರಲಿಲ್ಲ. ಅಡಿಕೆ ಮಂಡಿಯ ಕೆಲಸಕ್ಕೆ ಶಿವಮೊಗ್ಗಕ್ಕೆ ಹೋದಾಗಲೆಲ್ಲ ನೆಹರೂ ರಸ್ತೆಯ ಒಂದು ಅಂಗಡಿಗೆ ತಲೆ ಹಾಕುತ್ತಿದ್ದೆ. ಅಲ್ಲಿಯ ಹುಡುಗ ನನ್ನ ಮುಖ ಕಂಡ ಕೂಡಲೇ, ಗಿರಾಕಿಗಳ ತಲೆಯ ಮೇಲಿಂದಲೇ ಕೈಯಾಡಿಸಿ "ಇಲ್ಲ" ಅನ್ನುವಷ್ಟು ಪರಿಚಯವಾಯಿತು. ಕೊನೆಗೆ ಸಿಕ್ಕ ದಿನ 49,990 ರೂಪಾಯಿ ಎಣಿಸಿ, ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಮಂಡಗದ್ದೆಯ ತಿರುವುಗಳಲ್ಲಿ ಅದನ್ನು ಮಗುವಿನ ಹಾಗೆ ತಬ್ಬಿಕೊಂಡು ತೀರ್ಥಹಳ್ಳಿ ಬಸ್ಸಿನಲ್ಲಿ ಬಂದೆ. ಆ ಹೊತ್ತಿನ ಧಾರಣೆಯಲ್ಲಿ ಅದು ಹೆಚ್ಚೂಕಡಿಮೆ ಒಂದು ಕ್ವಿಂಟಾಲ್ ರಾಶಿ ಅಡಿಕೆ. ನಮ್ಮ ಕಡೆ ಯಾವ ಲೆಕ್ಕವೂ ಕೊನೆಗೆ ಬಂದು ನಿಲ್ಲುವುದು ಅಲ್ಲಿಗೇ.

ಬಿಚ್ಚಿದರೆ, ಟಿವಿ ಸ್ಟ್ಯಾಂಡಿನ ಯಾವ ಖಾನೆಗೂ ಅದು ಹಿಡಿಸಲಿಲ್ಲ. ಎತ್ತರ 39 ಸೆಂಟಿಮೀಟರ್, ತೂಕ ನಾಲ್ಕೂವರೆ ಕಿಲೋ. ಎರಡು ಅಡಿಕೆ ಹಾಳೆಯನ್ನು ಸುಣ್ಣಕ್ಕೆ ಅದ್ದಿ ಒಣಗಿಸಿ, ನಡುವೆ ಕಪ್ಪು ಹಲಗೆಯೊಂದನ್ನು ಸಿಕ್ಕಿಸಿ ನಿಲ್ಲಿಸಿದ ಹಾಗೆ ಇತ್ತು. ಅಮ್ಮ ಬಂದಳು, ನೋಡಿದಳು.

"ಇದೆಂತ ಮಾರಾಯ, ಹೊಸ ಇನ್ವರ್ಟರಾ?"

ಈ ತಲೆಮಾರಿನ ಆಟದ ಪೆಟ್ಟಿಗೆಗಳು ನಿರಾಸೆ ಮಾಡಿದವೋ ಇಲ್ಲವೋ ಅಂತ ಆಡುವವರ ನಡುವೆ ದೊಡ್ಡ ಚರ್ಚೆ ನಡೆಯುತ್ತದೆ. ಲೆಕ್ಕ ಹಾಕುವ ವೇಗಕ್ಕೆ ಟೆರಾಫ್ಲಾಪ್ ಅನ್ನುತ್ತಾರೆ, ಸೆಕೆಂಡಿಗೆ ಎಷ್ಟು ಚಿತ್ರ ಅನ್ನುವುದಕ್ಕೆ ಫ್ರೇಮ್ ರೇಟ್ ಅನ್ನುತ್ತಾರೆ. ನನ್ನ ಹತ್ತಿರ ಇರುವ ಅಳತೆಕೋಲು ಒಂದೇ: ಅಡುಗೆಮನೆಯಿಂದ ಜಗುಲಿಗೆ ಹೋಗುವ ದಾರಿಯಲ್ಲಿ ಅಮ್ಮ ಟಿವಿಯ ಕಡೆ ತಿರುಗಿ ಏನು ಅಂದಳು ಅನ್ನುವುದು.

ಮೊದಲ ಪೆಟ್ಟಿಗೆ ಬಂದದ್ದು 1994ರಲ್ಲಿ, ಗಾಂಧಿ ಬಜಾರಿನಿಂದ. ಜಪಾನಿನ ನಿಂಟೆಂಡೋ 1983ರಲ್ಲಿ ಮಾಡಿದ್ದರ ನಕಲು ಅದು ಅಂತ ಯಾರಿಗೆ ಗೊತ್ತಿತ್ತು. ನಮಗೆ ಅದು ಟಿವಿ ಗೇಮು, ಅಷ್ಟೆ. ಹಳದಿ ಕ್ಯಾಸೆಟ್ಟಿನ ಮೇಲೆ 9999 ಆಟ ಅಂತ ಬರೆದಿತ್ತು, ಒಳಗಿದ್ದದ್ದು ಹತ್ತೋ ಹನ್ನೆರಡೋ, ಉಳಿದವೆಲ್ಲ ಅವವೇ. ನಮ್ಮದು ಕಪ್ಪುಬಿಳುಪು ಟಿವಿ. ಮಾರಿಯೋ ತಲೆಯ ಮೇಲಿರುವುದು ಕೆಂಪು ಟೋಪಿ ಅಂತ ನನಗೆ ಗೊತ್ತಾದದ್ದು ಮೂರು ವರ್ಷ ಬಿಟ್ಟು, ಅತ್ತೆ ಮನೆಯ ಕಲರ್ ಟಿವಿಯಲ್ಲಿ. ಅದರ ಜೊತೆ ಒಂದು ಪ್ಲಾಸ್ಟಿಕ್ ಪಿಸ್ತೂಲು ಬಂದಿತ್ತು, ಬಾತುಕೋಳಿ ಹೊಡೆಯುವುದಕ್ಕೆ. ಅಪ್ಪಯ್ಯ ತೋಟಕ್ಕೆ ಬರುವ ಮಂಗ, ಕಾಡುಹಂದಿಗೆ ಅಂತ ಲೈಸೆನ್ಸ್ ಇಟ್ಟುಕೊಂಡಿದ್ದ ಕೋವಿಯ ಮನುಷ್ಯ. ಒಂದು ಸಂಜೆ ಪಂಚೆ ಎತ್ತಿ ಕಟ್ಟಿ, ಒಂದು ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ಪಿಸ್ತೂಲಿನ ಕುದುರೆ ಎಳೆದರು. ಕೋಳಿ ಬಿತ್ತು. ಅಡುಗೆಮನೆಯ ಬಾಗಿಲಲ್ಲಿದ್ದ ಅಮ್ಮ, "ಹೊಡೆದಾಗೆಲ್ಲ ಟಿವಿ ಮಿಂಚ್ತದಲ" ಅಂದಳು. ಎಷ್ಟೋ ವರ್ಷದ ಮೇಲೆ ಓದಿ ತಿಳಿದೆ, ಗುಟ್ಟು ಇದ್ದದ್ದೇ ಅಲ್ಲಿ. ಕುದುರೆ ಎಳೆದ ಕ್ಷಣ ಪರದೆ ಪೂರ್ತಿ ಕಪ್ಪಾಗಿ, ಕೋಳಿ ಇದ್ದ ಜಾಗದಲ್ಲಿ ಮಾತ್ರ ಒಂದು ಬಿಳಿ ಚೌಕ ಹೊಳೆಯುತ್ತದೆ. ಪಿಸ್ತೂಲಿನ ಮೂತಿಯಲ್ಲಿರುವ ಬೆಳಕಿನ ಕಣ್ಣಿಗೆ ಆ ಬಿಳಿ ಕಂಡರೆ ಗುರಿ ತಾಗಿದ ಲೆಕ್ಕ. ಅಂದರೆ ಗುಂಡು ಹೋಗುತ್ತಿದ್ದದ್ದು ಟಿವಿಯಿಂದ ಪಿಸ್ತೂಲಿಗೆ. ಅಪ್ಪಯ್ಯನಿಗೆ ಇದನ್ನು ಹೇಳುವ ಧೈರ್ಯ ನನಗೆ ಕೊನೆಯವರೆಗೂ ಬರಲಿಲ್ಲ.

ಎರಡನೆಯದು ಪ್ಲೇಸ್ಟೇಷನ್ 2. ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಗ ಕೊಂಡು, ಒಂದು ದೀಪಾವಳಿಗೆ ಊರಿಗೆ ತಂದಿದ್ದೆ. ಅಮ್ಮ ಹಪ್ಪಳದ ತಟ್ಟೆ ಹಿಡಿದು ನಿಂತೇಬಿಟ್ಟಳು. "ಬೊಂಬೆ ಹೋಗಿ ಮನುಷ್ಯರು ಬಂದಾರಲ!" ಮೂರನೇ ಪ್ಲೇಸ್ಟೇಷನ್ ಮನೆಗೆ ಬರಲಿಲ್ಲ, ಆ ವರ್ಷಗಳನ್ನು ಮದುವೆ, ಬಾವಿ ಮತ್ತು ಮಾಡಿನ ಹಂಚು ತಿಂದವು. ನಾಲ್ಕನೆಯದು 2016ರಲ್ಲಿ. ನಾನು ಕ್ರಿಕೆಟ್ ಆಡುತ್ತಿದ್ದೆ. ಕನ್ನಡಕ ದೇವರ ಮನೆಯಲ್ಲಿ ಬಿಟ್ಟು ಬಂದ ಅಮ್ಮ ಐದು ನಿಮಿಷ ನೋಡಿ, ನಮ್ಮವರದ್ದು ಎಷ್ಟು ವಿಕೆಟ್ ಹೋಯ್ತು ಅಂತ ಕೇಳಿದಳು. ನಾನು ಮೂರು ಅಂದೆ. ಅವಳು ಚ್ಚು ಅಂದು ಒಳಗೆ ಹೋದಳು. ಇದಕ್ಕಿಂತ ದೊಡ್ಡ ಪ್ರಶಸ್ತಿ ಆ ಪೆಟ್ಟಿಗೆಗೆ ಬೇರೆಲ್ಲೂ ಸಿಕ್ಕಿರಲಾರದು.

ಈಗ ಐದನೆಯದು. ನನ್ನ ಮಗ ಮಾಣಿ ಆಟ ಹಾಕಿದ. ಅಮ್ಮ ನಿಂತು ನೋಡಿದಳು.

"ಹಳೇದೇ ಅಲ್ವನಾ ಇದು?"

ಹಳೆಯದೇ. ಆ ವರ್ಷ ಬಂದ ದೊಡ್ಡ ಆಟಗಳು, ಫೆಬ್ರುವರಿಯ ಹೊರೈಜನ್, ನವೆಂಬರಿನ ಗಾಡ್ ಆಫ್ ವಾರ್, ಎರಡೂ ಹಳೇ ಪ್ಲೇಸ್ಟೇಷನ್ 4ಕ್ಕೂ ಬಂದವು. ಹೊಸ ಪೆಟ್ಟಿಗೆ ಎಷ್ಟು ಜನಕ್ಕೆ ಸಿಕ್ಕಿತ್ತು? ಹಳೆಯದು ಹತ್ತು ಕೋಟಿ ಮನೆಗಳಿಗಿಂತ ಹೆಚ್ಚು ಕಡೆ ಕೂತಿತ್ತು. ವ್ಯಾಪಾರಿ ಎಲ್ಲಿ ಜನವೋ ಅಲ್ಲಿ ಗೋಣಿ ಹಾಸುತ್ತಾನೆ. ಅದು ತಪ್ಪಲ್ಲ. ಆದರೆ ಎರಡು ಪೆಟ್ಟಿಗೆಯಲ್ಲೂ ಓಡಬೇಕಾದ ಆಟ, ಎರಡು ಎತ್ತಿನಲ್ಲಿ ಮುದಿ ಎತ್ತಿನ ನಡಿಗೆಗೇ ನಡೆಯುತ್ತದೆ.

ಸೋಲೊಪ್ಪಲು ಮನಸ್ಸಾಗದೆ ನಾನೊಂದು ತಪ್ಪು ಮಾಡಿದೆ. ವಿವರಿಸಲು ಹೊರಟೆ. ರೇ ಟ್ರೇಸಿಂಗ್ ಅಂತ ಒಂದಿದೆ. ಮೊದಲೆಲ್ಲ ನೀರಿನಲ್ಲಿ ಕಾಣುವ ಪ್ರತಿಬಿಂಬವನ್ನು ಏನೋ ಕಣ್ಕಟ್ಟು ಮಾಡಿ ತೋರಿಸುತ್ತಿದ್ದರು, ಈಗ ಬೆಳಕಿನ ಗೆರೆ ಎಲ್ಲಿಂದ ಹೊರಟು ಎಲ್ಲಿ ತಾಗಿ ಹೇಗೆ ಬರುತ್ತದೆ ಅಂತ ಪೆಟ್ಟಿಗೆಯೇ ಲೆಕ್ಕ ಹಾಕುತ್ತದೆ. ಆಟ ನಿಲ್ಲಿಸಿ, ರಸ್ತೆಯ ಗುಂಡಿಯೊಂದರ ಹತ್ತಿರ ಹೋಗಿ, ಟಿವಿಗೆ ಬೆರಳು ತಾಗಿಸಿ ತೋರಿಸಿದೆ.

"ನೋಡಮ್ಮ, ನೀರಲ್ಲಿ ದೀಪ ಕಾಣ್ತದೆ."

"ನೀರಲ್ಲಿ ದೀಪ ಕಾಣದೆ ಇನ್ನೆಂತ ಕಾಣ್ತದೆ?"

ಕಳೆದ ಮೂರು ವರ್ಷಗಳಲ್ಲಿ ಈ ವಿಷಯದ ಮೇಲೆ ನಾನು ಓದಿದ ಎಲ್ಲ ವಿಮರ್ಶೆಗಳೂ ಈ ಒಂದು ಪ್ರಶ್ನೆಯ ಹಿಂದೆಮುಂದೆಯೇ ಸುಳಿದಾಡುತ್ತವೆ. ಹಿಂದಿನ ಮೂರೂ ಸಲ ವ್ಯತ್ಯಾಸ ತಾನಾಗಿ ಕಂಡಿತ್ತು. ಹಪ್ಪಳದ ತಟ್ಟೆ ಹಿಡಿದವಳಿಗೂ ಕಂಡಿತ್ತು. ಈ ಸಲ ಬೆರಳಿಟ್ಟು ತೋರಿಸಬೇಕಾಯಿತು.

ಮಾಣಿಗೆ ನನ್ನ ಈ ವಾದ ಒಪ್ಪಿಗೆಯಿಲ್ಲ. ಅವನು ಹುಟ್ಟಿದ್ದೇ 2012ರಲ್ಲಿ, ಬೊಂಬೆಯ ಕಾಲ ಅವನಿಗೆ ಗೊತ್ತಿಲ್ಲ. "ಅಪ್ಪಾ, ಲೋಡಿಂಗೇ ಇಲ್ಲ ನೋಡು" ಅನ್ನುತ್ತಾನೆ. ನಿಜ. ಒಳಗೆ ಆಟ ತುಂಬಿಡುವ ಎಸ್‌ಎಸ್‌ಡಿ ಸೆಕೆಂಡಿಗೆ ಐದೂವರೆ ಜಿಬಿ ಓದುತ್ತದೆ. ಹಳೆಯದರ ಹಾರ್ಡ್ ಡಿಸ್ಕಿಗೆ ನೂರು ಎಂಬಿ ಎಳೆಯುವಷ್ಟರಲ್ಲಿ ಏದುಸಿರು. ಮೊದಲು ಒಂದು ಊರಿನಿಂದ ಇನ್ನೊಂದಕ್ಕೆ ಹೋಗುವುದರೊಳಗೆ ನಾನು ಒಂದು ಕವಳ ಹಾಕಿ ಮುಗಿಸುತ್ತಿದ್ದೆ, ಈಗ ಎಲೆಗೆ ಸುಣ್ಣ ಹಚ್ಚುವಷ್ಟೂ ಪುರುಸೊತ್ತಿಲ್ಲ. ಹಾಗೆಯೇ ಸದ್ದು. ಹಳೆಯದರ ಫ್ಯಾನು ಅರ್ಧ ಗಂಟೆ ಆಡಿದರೆ ಸಾಕು, ಅಡಿಕೆ ಸುಲಿಯುವ ಯಂತ್ರದ ತಮ್ಮನ ಹಾಗೆ ಕೂಗುತ್ತಿತ್ತು. ಇದು ಉಸಿರೇ ಎತ್ತುವುದಿಲ್ಲ. ಅಮ್ಮ ಹೊಸ ಪೆಟ್ಟಿಗೆಯ ಬಗ್ಗೆ ಆಡಿದ ಒಂದೇ ಒಂದು ಒಳ್ಳೆಯ ಮಾತು ಅದಕ್ಕೇ ಸಂದಿದೆ: "ಪಾಪದ್ದು."

ಆದರೆ ಬೆಲೆ? ಮಿಕ್ಸಿಯಿಂದ ಮೊಬೈಲಿನವರೆಗೆ ವಸ್ತು ಹಳೆಯದಾದ ಹಾಗೆ ಅಗ್ಗವಾಗುವುದನ್ನೇ ನೋಡಿ ಬದುಕಿದವರು ನಾವು. ಪ್ಲೇಸ್ಟೇಷನ್ 2 ಅಮೆರಿಕದಲ್ಲಿ 2000ದಲ್ಲಿ 299 ಡಾಲರಿಗೆ ಹೊರಟು 2009ಕ್ಕೆ 99ಕ್ಕೆ ಇಳಿದಿತ್ತು. ಇದು ನನ್ನ ಮನೆಗೆ ಬಂದ ವರ್ಷವೇ, ನವೆಂಬರಿನಲ್ಲಿ, ಇಲ್ಲಿ 54,990 ಆಯಿತು. 2025ರ ಆಗಸ್ಟಿನಲ್ಲಿ ಅಮೆರಿಕದಲ್ಲೂ 50 ಡಾಲರ್ ಏರಿತು. ಚಿಪ್ಪನ್ನು ಕುಗ್ಗಿಸಿದಂತೆಲ್ಲ ಖರ್ಚು ಕುಗ್ಗುತ್ತಿದ್ದ ಕಾಲ ಮುಗಿಯಿತಂತೆ. ಈಗ ಕುಗ್ಗಿಸುವುದಕ್ಕೇ ಹೆಚ್ಚು ದುಡ್ಡು. ಹಳೆಯದಾದಷ್ಟೂ ಬೆಲೆ ಬರುವ ವಸ್ತು ನಮ್ಮ ಮನೆಯಲ್ಲಿ ಇಷ್ಟು ದಿನ ಅಪ್ಪೆಮಿಡಿ ಉಪ್ಪಿನಕಾಯಿ ಒಂದೇ ಇತ್ತು.

ಆಟಗಳ ಬರವೂ ಹಾಗೇ. ಜಿಟಿಎ ಅನ್ನುವ ಆಟವನ್ನೇ ತೆಗೆದುಕೊಳ್ಳಿ. ಪ್ಲೇಸ್ಟೇಷನ್ 2ರಲ್ಲಿ 2001, 2002, 2004, ಹೀಗೆ ನಾಲ್ಕು ವರ್ಷದೊಳಗೆ ಮೂರು ದೊಡ್ಡವು ಬಂದವು. ಜಿಟಿಎ 5 ಬಂದದ್ದು 2013ರಲ್ಲಿ, 2014ರಲ್ಲಿ ಹೊಸ ಪೆಟ್ಟಿಗೆಗೆ ಅದೇ ಬಂತು, 2022ರಲ್ಲಿ ಇನ್ನೂ ಹೊಸ ಪೆಟ್ಟಿಗೆಗೆ ಮತ್ತೆ ಅದೇ. ಒಂದೇ ಹುಳಿಯನ್ನು ಮೂರು ದಿನ ಕುದಿಸಿದರೆ ರುಚಿ ಹೆಚ್ಚುತ್ತದೆ ಅನ್ನುವುದನ್ನು ನಾನು ಒಪ್ಪುತ್ತೇನೆ, ಆದರೆ ಪ್ರತಿ ದಿನವೂ ಎಲೆಗೆ ಬೇರೆ ದುಡ್ಡು ಕೇಳಬಾರದು. ಆರನೆಯದರ ದಿನ ಮುಂದೆ ಹೋಗಿ ಹೋಗಿ, ನಾನಿದನ್ನು ಬರೆಯುವಾಗ 2026ರ ನವೆಂಬರ್ 19ಕ್ಕೆ ನಿಂತಿದೆ. 2013ರಲ್ಲಿ ನೆಟ್ಟ ಅಡಿಕೆ ಸಸಿ ಆಗಲೇ ಎಷ್ಟೋ ಫಸಲು ಕೊಟ್ಟಾಗಿದೆ.

ಸೋನಿಯ ಎದುರು ಮನೆಯವರಾದ ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸಿನ ಕತೆ ಇನ್ನೂ ವಿಚಿತ್ರ. ಅವರು ತಮ್ಮ ಆಟಗಳನ್ನು ಈಗ ಸೋನಿಯ ಪೆಟ್ಟಿಗೆಯಲ್ಲೇ ಮಾರುತ್ತಿದ್ದಾರೆ; ಅವರ ಕಾರು ಓಡಿಸುವ ಫೋರ್ಜಾ 2025ರ ಏಪ್ರಿಲಿನಲ್ಲಿ ನಮ್ಮನೆಗೂ ಬಂತು. ಬೇಲಿಯ ಜಗಳವೇ ಇಲ್ಲದ ಮೇಲೆ ನೆರೆಮನೆ ಅಂತ ಏಕಿರಬೇಕು.

ಮಲೆನಾಡಿನಲ್ಲಿ ಇದಕ್ಕೆ ಇನ್ನೊಂದು ಅಧ್ಯಾಯ ಸೇರುತ್ತದೆ. ಹಳದಿ ಕ್ಯಾಸೆಟ್ಟಿಗೆ ಬೂಷ್ಟು ಹಿಡಿದರೆ ಉಫ್ ಅಂತ ಊದಿ ಹಾಕುತ್ತಿದ್ದೆವು, ಆಟ ಶುರು. ಈಗ ಡಿಸ್ಕು ಹಾಕಿದ ಮೇಲೂ ಪೆಟ್ಟಿಗೆ ಇಂಟರ್‌ನೆಟ್ಟಿನಿಂದ ಇನ್ನಷ್ಟು ಇಳಿಸಿಕೊಳ್ಳಬೇಕು ಅನ್ನುತ್ತದೆ. ಕೆಲವು ಆಟ ನೂರು ಜಿಬಿ ದಾಟುತ್ತವೆ. ನಮ್ಮ ಫೈಬರ್ ತಂತಿ ಬರುವುದು ಹೊನ್ನೆ, ಹಲಸು, ಒಂದು ಮಾವಿನ ಮರದ ಆಸರೆಯಲ್ಲಿ. ಕೊಂಬೆ ಬಿದ್ದರೆ ಮೂರು ದಿನ ರಜೆ. ಕೊಂಬೆ ಬೀಳದಿದ್ದರೆ ಗುಡುಗು. ಗುಡುಗಿಗೆ ನಮ್ಮನೆಯಲ್ಲಿ ಒಂದು ಕಾನೂನಿದೆ: ಮೊದಲ ಸದ್ದು ಕೇಳಿದ ಕೂಡಲೇ ಅಮ್ಮ ಮನೆಯ ಎಲ್ಲ ಪ್ಲಗ್ಗುಗಳನ್ನೂ ಕಿತ್ತು ಹಾಕುತ್ತಾಳೆ. ಒಂದು ಸಿಡಿಲಿಗೆ ಟಿವಿ, ಇನ್ನೊಂದಕ್ಕೆ ಮೋಡೆಮ್ ಸುಟ್ಟ ಮೇಲೆ ಈ ಕಾನೂನಿಗೆ ಮೇಲ್ಮನವಿ ಇಲ್ಲ. ಹಾಗಾಗಿ ಒಂದು ಮೇ ತಿಂಗಳಲ್ಲಿ ಮಾಣಿಯ ಆಟವೊಂದು ಹದಿಮೂರು ದಿನ ಇಳಿಯಿತು. ಬೆಳಗ್ಗೆ ಬಿಸಿಲು, 61 ಪರ್ಸೆಂಟ್. ಮಧ್ಯಾಹ್ನ ಮೋಡ, 64. ನಾಲ್ಕು ಗಂಟೆಗೆ ಆಗುಂಬೆ ಕಡೆಯಿಂದ ಒಂದು ಗುಡುಗು, ಅಮ್ಮನ ಹೆಜ್ಜೆ, ಟಕ್. ಮಾರನೇ ದಿನ ಹಾಕಿದರೆ, ನನ್ನನ್ನು ಸರಿಯಾಗಿ ಆಫ್ ಮಾಡಿಲ್ಲ ಅಂತ ಪೆಟ್ಟಿಗೆ ನಮ್ಮನ್ನೇ ಬೈದು, ಒಳಗಿನ ರಿಪೇರಿಗೆ ಕೂರುತ್ತದೆ. ಮಾಣಿ ಓದಿ ಹೇಳಿದಾಗ ಅಮ್ಮ, "ಸುಟ್ಟು ಹೋಗಿದ್ರೆ ಯಾರನ್ನ ಬೈತಿತ್ತಂತೆ?" ಅಂದಳು. ಬೆಂಗಳೂರಿನಿಂದ ಬಂದ ಅಕ್ಕನ ಮಗ ಆಗ ಮೂಲೆಯಲ್ಲಿ ಕೂತು ಅಂಗೈಯಗಲದ ನಿಂಟೆಂಡೋ ಸ್ವಿಚ್ ಆಡುತ್ತಿದ್ದ. 2017ರ ಮಾಲು, ಶಕ್ತಿಯಲ್ಲಿ ಇದರ ಕಾಲಿನ ಧೂಳಿಗೂ ಸಮವಲ್ಲ. ಕರೆಂಟು ಹೋದದ್ದೂ ಅವನಿಗೆ ಗೊತ್ತಾಗಲಿಲ್ಲ.

ಇನ್ನೂ ಶಕ್ತಿ ಬೇಕು ಅನ್ನುವವರಿಗೆ 2024ರ ನವೆಂಬರಿನಲ್ಲಿ ಪ್ರೋ ಅಂತ ಒಂದು ಬಂತು. ಆಗ ಭಾರತಕ್ಕೆ ಬರಲಿಲ್ಲ. ಅದರ ವೈ-ಫೈ 7 ಬಳಸುವ 6 ಗಿಗಾಹರ್ಟ್ಸ್ ಅಲೆಗೆ ಇಲ್ಲಿ ಆಗ ಅನುಮತಿ ಇರಲಿಲ್ಲವಂತೆ. ಫೋನು ಮಾತಾಡಬೇಕಾದರೆ ಅಂಗಳದ ತುಳಸಿಕಟ್ಟೆಯ ಬಲಕ್ಕೆ ಎರಡು ಹೆಜ್ಜೆ ಹೋಗಬೇಕಾದ ಮನೆಯಲ್ಲಿ ಕೂತು ಈ ಸುದ್ದಿ ಓದಿ ನನಗೆ ಬಹಳ ದುಃಖವಾಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ.

ಹೋದ ಆಷಾಢದ ಒಂದು ಸಂಜೆ ಮಾಣಿಗೆ ಏನನ್ನಿಸಿತೋ, ಕಂಟ್ರೋಲರ್ ತಂದು ಅಜ್ಜಿಯ ಕೈಗೆ ಕೊಟ್ಟ. ಪೆಟ್ಟಿಗೆಯ ಜೊತೆ ಪುಕ್ಕಟೆ ಬರುವ ಆಸ್ಟ್ರೋ ಅನ್ನುವ ಪುಟ್ಟ ರೋಬೋನ ಆಟ ಅದು. "ಎಂತದೂ ಒತ್ತಬೇಡ ಅಜ್ಜಿ, ಸುಮ್ಮನೆ ಹಿಡಕೋ" ಅಂದ. ಅಮ್ಮ ಪೂಜೆಯ ತಟ್ಟೆ ಹಿಡಿದ ಹಾಗೆ ಎರಡೂ ಅಂಗೈಯಲ್ಲಿ ಅದನ್ನು ಹಿಡಿದು ಕೂತಳು. ಟಿವಿಯಲ್ಲಿ ರೋಬೋ ಮಳೆಗೆ ಹೋಗಿ ನಿಂತಿತು. ಅಮ್ಮನ ಹುಬ್ಬು ಮೇಲೇರಿತು. ಕಂಟ್ರೋಲರಿನ ಸಣ್ಣ ನಡುಕಕ್ಕೆ ಕೈಯೊಳಗೆ ಹನಿ ಬೀಳತೊಡಗಿದ್ದವು. ಎಡಗೈಗೆ ಒಂದು, ಬಲಗೈಗೆ ಎರಡು, ಆಮೇಲೆ ಎಣಿಸಲಾಗದಷ್ಟು, ಹಂಚಿನ ಮೇಲೆ ಸಣ್ಣ ಮಳೆ ಶುರುವಾಗುತ್ತದಲ್ಲ, ಅಷ್ಟು ಹಗುರಾಗಿ. ನಾನು ಉಸಿರು ಬಿಗಿಹಿಡಿದಿದ್ದೆ. ಬೆರಳಿಟ್ಟು ತೋರಿಸಬೇಕಾಗಿರಲಿಲ್ಲ. ಅಮ್ಮ ಟಿವಿ ಬಿಟ್ಟು ತನ್ನ ಕೈಯನ್ನೇ ನೋಡುತ್ತಿದ್ದಳು. ಆಮೇಲೆ ಕಿಟಕಿಯ ಕಡೆ ನೋಡಿದಳು. ಹೊರಗೆ ಹನ್ನೊಂದು ದಿನದಿಂದ ಬಿಡದೆ ಹೊಯ್ಯುತ್ತಿತ್ತು. ಅಡಿಕೆಯ ಕೊಳೆ ರೋಗಕ್ಕೆ ಎರಡನೇ ಸಲ ಬೋರ್ಡೋ ದ್ರಾವಣ ಹೊಡೆಯಲೂ ಆಗದೆ ಗೊನೆಗಾರರು ಮನೆಯಲ್ಲೇ ಕೂತಿದ್ದರು.

"ಮಳೆ ಬರ್ತದೆ ಅಂತ ತಿಳಿಯಕ್ಕೆ ಐವತ್ತು ಸಾವಿರ ಕೊಟ್ರನಾ?"

ಮಾಣಿ ಬಿದ್ದು ಬಿದ್ದು ನಕ್ಕ. ನಾನೂ ನಕ್ಕೆ. ಅಮ್ಮ ಮಾತ್ರ ಕಂಟ್ರೋಲರ್ ಕೆಳಗಿಡಲಿಲ್ಲ. ರೋಬೋ ಮಳೆಯಿಂದ ಈಚೆ ಬಂದು ನಿಂತಾಗ, "ಅಲ್ಲಿಗೇ ಇನ್ನೊಂದ್ಸಲ ಹೋಗು ಅನ್ನು ಅದಕ್ಕೆ" ಅಂದಳು. ಮಾಣಿ ಅವಳ ಬೆರಳಿನ ಮೇಲೆ ಬೆರಳಿಟ್ಟು ರೋಬೋನ ತಿರುಗಿಸುತ್ತಿದ್ದ. ಅಷ್ಟರಲ್ಲಿ ಆಗುಂಬೆ ಕಡೆ ಗುಡುಗಿತು. ಅಮ್ಮ ಕಂಟ್ರೋಲರನ್ನು ಅವನ ಮಡಿಲಿಗೆ ಹಾಕಿ, ಸೆರಗು ಸಿಕ್ಕಿಸಿಕೊಂಡು, ಪ್ಲಗ್ಗಿನ ಕಡೆ ನಡೆದಳು.