ಪೋಸ್ಟ್ ರೇಟ್ ಮತ್ತೆ ಏರಿಸಿದ್ದಾರೆ, ನಮ್ಮಂಥೋರು ಏನ್ ಮಾಡ್ಬೇಕು?

ಮತ್ತೆ ಏರಿಸಿದ್ದಾರೆ ರೀ. ಕೌಂಟರ್ ಪಕ್ಕ ಹೊಸ ರೇಟಿನ ಹಾಳೆ ಒಂದು ಅಂಟಿಸಿಬಿಟ್ರೆ ಅವರ ಕೆಲಸ ಮುಗೀತು, ಮುಂಚೆ ಹೇಳೋರಿಲ್ಲ, ಆಮೇಲೆ ಕೇಳೋರಿಲ್ಲ. ನಾನು ಮನೆಯಿಂದ ಹಳೇ ಪುಸ್ತಕ ಮಾರೋಳು, ಆರ್ಡರ್ ಬಂದದ್ದನ್ನೆಲ್ಲ ಪ್ಯಾಕ್ ಮಾಡಿ ಕಳಿಸೋದೇ ನನ್ನ ಕೆಲಸ, ಹಂಗಾಗಿ ಪೋಸ್ಟ್ ರೇಟು ಅನ್ನೋದು ನನಗೆ ಓದಿ ಮರೆಯೋ ಸುದ್ದಿ ಅಲ್ಲ, ಹೊಟ್ಟೆಪಾಡು. ಸಿಟ್ಟು ನೆತ್ತಿಗೇರಿದೆ, ಅದಕ್ಕೇ ಬರೀತಿದೀನಿ.

ಮೊದಲು ಈ ತೂಕದ ಸ್ಲ್ಯಾಬ್, ಅಂದ್ರೆ ಇಷ್ಟು ಗ್ರಾಂವರೆಗೆ ಇಷ್ಟು ದುಡ್ಡು ಅನ್ನೋ ಮೆಟ್ಟಿಲು, ಅದರ ವಿಷ್ಯ ಹೇಳಿಬಿಡ್ತೀನಿ, ಯಾಕಂದ್ರೆ ವರ್ಷಕ್ಕೊಂದು ಕಾಗದ ಹಾಕೋರಿಗೆ ಇದು ಗೊತ್ತೇ ಆಗಲ್ಲ. ಪುಸ್ತಕ 440 ಗ್ರಾಂ ಇದೆ ಅಂದ್ಕೊಳ್ಳಿ. ಮಳೇಲಿ ನೆನೀಬಾರ್ದು ಅಂತ ಒಂದು ಪ್ಲಾಸ್ಟಿಕ್ ಕವರು, ಮೂಲೆ ಜಜ್ಜಬಾರ್ದು ಅಂತ ಎರಡೂ ಕಡೆ ರಟ್ಟು, ಮೇಲೊಂದು ಬ್ರೌನ್ ಪೇಪರ್, ಸುತ್ತ ಟೇಪು. ತಕ್ಕಡಿ ಮೇಲಿಟ್ರೆ 506. 500 ದಾಟಿದ ಆ ಆರು ಗ್ರಾಂಗೆ ಮುಂದಿನ ಸ್ಲ್ಯಾಬಿನ ಪೂರ್ತಿ ದುಡ್ಡು ಕಕ್ಕಬೇಕು! ಆರು ಗ್ರಾಂ ಅಂದ್ರೆ ಒಂದು ಹಾಳೆಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಎಷ್ಟೋ ಸಲ ಅಲ್ಲೇ ಪಕ್ಕಕ್ಕೆ ನಿಂತು ಟೇಪ್ ಕಿತ್ತು, ರಟ್ಟು ಕತ್ತರಿಸಿ, ಮತ್ತೆ ಅಂಟಿಸಿ, ಮತ್ತೆ ಕ್ಯೂ ಹತ್ತಿದ್ದೀನಿ. ರಟ್ಟು ತೆಗೆದ್ರೆ ಏನಾಗುತ್ತೆ, ಪುಸ್ತಕ ಮೂಲೆ ಮುದುಡಿಕೊಂಡು ತಲುಪುತ್ತೆ, ತಗೊಂಡೋರು ಫೋಟೋ ಹೊಡೆದು ಕಳಿಸಿ ದುಡ್ಡು ವಾಪಸ್ ಕೇಳ್ತಾರೆ, ಅವರದ್ದೇನೂ ತಪ್ಪಿಲ್ಲ, ಆದ್ರೆ ವಾಪಸ್ ಬರೋ ಪೋಸ್ಟೇಜೂ ನನ್ನ ತಲೆ ಮೇಲೇ ಬೀಳುತ್ತೆ.

ಇನ್ನು ಪಾರ್ಸೆಲ್‌ದು ಬೇರೆ ಕಥೆ. ಬಹಳ ಕಡೆ ಈಗ ನಿಜವಾದ ತೂಕ ಒಂದೇ ಅಲ್ಲ, ಸೈಜ್ ಲೆಕ್ಕನೂ ಹಾಕಿ, ಎರಡರಲ್ಲಿ ಯಾವುದು ಜಾಸ್ತಿನೋ ಅದಕ್ಕೆ ದುಡ್ಡು. ಉದ್ದ, ಅಗಲ, ಎತ್ತರ ಸೆಂಟಿಮೀಟರಲ್ಲಿ ಗುಣಿಸಿ 5000ದಿಂದ ಭಾಗಿಸಿ ಬಂದಿದ್ದನ್ನ ಕಿಲೋ ಅಂತ ಹಿಡೀತಾರೆ. ಒಂದೊಂದು ಕಡೆಗೂ 30 ಸೆಂಟಿಮೀಟರ್ ಇರೋ ಡಬ್ಬ ಅಂದ್ರೆ 5.4 ಕಿಲೋ ಆಯ್ತು, ಒಳಗಡೆ ಬಟ್ಟೆ ಗೊಂಬೆ ಇದ್ದು ಅದು ಅರ್ಧ ಕಿಲೋನೂ ತೂಗದಿದ್ರೂ ಅಷ್ಟೇ. ಜಾಗ ಹಿಡಿಯುತ್ತೆ ಅನ್ನೋದು ಒಪ್ಕೋತೀನಿ, ಆದ್ರೆ ಮನೇಲಿ ಕೂತು ಗೊಂಬೆ ಹೊಲಿದು ಮಾರೋ ಹೆಂಗಸಿಗೆ ಈ ಲೆಕ್ಕದಲ್ಲಿ ಏನು ಉಳಿಯುತ್ತೆ ಹೇಳಿ.

ದೊಡ್ಡ ದೊಡ್ಡ ಆನ್‌ಲೈನ್ ಕಂಪನಿಗಳಿಗೆ ಇದ್ಯಾವುದೂ ತಟ್ಟಲ್ಲ. ರಾಶಿಗಟ್ಟಲೆ ಕಳಿಸ್ತಾರೆ, ಕಾಂಟ್ರ್ಯಾಕ್ಟ್ ಮಾಡ್ಕೊಂಡು ಡಿಸ್ಕೌಂಟ್ ತಗೋತಾರೆ, ಫ್ರೀ ಡೆಲಿವರಿ ಅಂತ ಬೋರ್ಡ್ ಹಾಕ್ತಾರೆ. ಜನಕ್ಕೆ ಅದೇ ಅಭ್ಯಾಸ ಆಗಿಹೋಗಿದೆ, ನಾನು ಪುಸ್ತಕದ ಬೆಲೆ ಒಂದು ಕಡೆ ಪೋಸ್ಟೇಜ್ ಒಂದು ಕಡೆ ಬರೆದ್ರೆ "ಪೋಸ್ಟೇಜ್ ಇಷ್ಟೊಂದಾ?" ಅಂತ ಒಂದು ಮೆಸೇಜ್ ಹಾಕಿ ಮಾಯ ಆಗ್ತಾರೆ. ತೆಳ್ಳಗಿನ ಮಕ್ಕಳ ಪುಸ್ತಕಗಳನ್ನ ನಾನು ಲಿಸ್ಟಿಂದ ತೆಗೆದೇ ಬಿಟ್ಟೆ, ಪುಸ್ತಕಕ್ಕಿಂತ ಕಳಿಸೋ ಖರ್ಚೇ ಜಾಸ್ತಿ ಅಂದ್ರೆ ಯಾರು ತಗೋತಾರೆ. ಹೊಟ್ಟೆ ಉರಿಯೋದು ಅಲ್ಲೇ, ಓದೋ ಮಕ್ಕಳಿಗೆ ತಲುಪಬೇಕಾದ ಪುಸ್ತಕ ಮೂಟೆ ಕಟ್ಟಿ ಅಟ್ಟದ ಮೇಲೆ ಕೂತಿದೆ.

ಮನೆಗಳ ಕಥೆನೂ ನೋಡಿ. ಕಾಗದ ಯಾಕೆ, ಇಮೇಲ್ ಮಾಡಿ ಅಂತ ಸಲೀಸಾಗಿ ಹೇಳ್ತಾರೆ. ಸಹಿ ಹಾಕಿದ ಒರಿಜಿನಲ್ ಕಾಗದಾನೇ ಬೇಕು ಅಂತ ಆಫೀಸುಗಳು ಕೂತಿರ್ತಾವಲ್ಲ, ಅದನ್ನ ಇಮೇಲ್ ಮಾಡೋಕಾಗುತ್ತಾ? ದೂರದಲ್ಲಿರೋ ಅಪ್ಪ ಅಮ್ಮಂಗೆ ಔಷಧಿ ಕಳಿಸ್ಬೇಕು, ಹಾಸ್ಟೆಲಲ್ಲಿರೋ ಮಗೂಗೆ ಸ್ವೆಟರ್ ಕಳಿಸ್ಬೇಕು. ಬೇರೆ ದಾರಿ ಇರೋರೆಲ್ಲ ಆಗ್ಲೇ ಫೋನಿಗೆ ಹೋಗಿ ಆಯ್ತು, ಈಗ ಏರಿಸೋ ಒಂದೊಂದು ಕಾಸೂ ಬೇರೆ ದಾರಿ ಇಲ್ಲದವರ ಜೇಬಿಂದಲೇ ಹೋಗೋದು, ವಯಸ್ಸಾದವರು, ಇಂಟರ್ನೆಟ್ ಇಲ್ಲದವರು.

ಇದು ಒಂದು ದೇಶದ ಗೋಳೂ ಅಲ್ಲ. ಅಮೆರಿಕದಲ್ಲಿ 2021ರ ಶುರುವಲ್ಲಿ 55 ಸೆಂಟ್ ಇದ್ದ ಮಾಮೂಲಿ ಸ್ಟಾಂಪು 2025ರ ಜುಲೈಗೆ 78 ಸೆಂಟ್. ಬ್ರಿಟನ್ನಲ್ಲಿ 2020ರಲ್ಲಿ 76 ಪೆನ್ಸ್ ಇದ್ದ ಫಸ್ಟ್ ಕ್ಲಾಸ್, ಅಂದ್ರೆ ಬೇಗ ತಲುಪೋ ಕಾಗದದ ಸ್ಟಾಂಪು 2025ರ ಏಪ್ರಿಲಲ್ಲಿ 1 ಪೌಂಡ್ 70 ಪೆನ್ಸ್ ಆಯ್ತು, ಎರಡು ಪಟ್ಟು ದಾಟಿತು. ಅದೇ ವರ್ಷ ಜುಲೈಯಿಂದ ಅಲ್ಲಿ ಸೆಕೆಂಡ್ ಕ್ಲಾಸ್, ಅಂದ್ರೆ ನಿಧಾನದ ಕಾಗದ ಹಂಚೋದನ್ನ ದಿನ ಬಿಟ್ಟು ದಿನಕ್ಕೆ ಇಳಿಸೋಕೆ ಶುರು ಮಾಡಿದ್ರು, ಶನಿವಾರ ಅದು ಪೂರ್ತಿ ಬಂದ್. ದುಡ್ಡು ಜಾಸ್ತಿ, ಕೆಲಸ ಕಮ್ಮಿ, ಇದ್ಯಾವ ನ್ಯಾಯ? ಡೆನ್ಮಾರ್ಕಲ್ಲಂತೂ 2025ರ ಕೊನೇಲಿ ಸರ್ಕಾರಿ ಒಡೆತನದ ಅಂಚೆ ಕಂಪನಿ ಕಾಗದ ಹಂಚೋದನ್ನೇ ನಿಲ್ಲಿಸ್ತು, ನಾನೂರು ವರ್ಷದಿಂದ ನಡ್ಕೊಂಡು ಬಂದಿದ್ದು.

ಕಾಗದ ಹಾಕೋರು ಕಮ್ಮಿ ಆಗಿದ್ದಾರೆ, ಖರ್ಚು ಹಂಗೇ ಇದೆ, ಅನ್ನೋದು ಅಂಚೆಯವರ ಉತ್ತರ. ನಿಜ, ಚೀಲದಲ್ಲಿ ನೂರು ಕಾಗದ ಇರ್ಲಿ ಹತ್ತು ಇರ್ಲಿ ಪೋಸ್ಟ್‌ಮ್ಯಾನ್ ಅದೇ ಬೀದಿ ಸುತ್ತಬೇಕು, ಆ ಮನುಷ್ಯನ ಮೇಲೆ ನನಗೆ ಒಂಚೂರೂ ಸಿಟ್ಟಿಲ್ಲ, ಬಿಸಿಲಲ್ಲಿ ಅಲೆಯೋನು ಅವನು. ಆದ್ರೆ ಜನ ಕಮ್ಮಿ ಆದ್ರು ಅಂತ ರೇಟ್ ಏರಿಸೋದು, ರೇಟ್ ಏರಿತು ಅಂತ ಇನ್ನಷ್ಟು ಜನ ಬಿಟ್ಟು ಹೋಗೋದು, ಆಮೇಲೆ ಮತ್ತೆ ಏರಿಸೋದು, ಇದು ಯಾವಾಗ ನಿಲ್ಲೋದು? ಅಮೆರಿಕದಲ್ಲಿ 2020ರ ಕೊನೇಲಿ ಇದನ್ನೇ ನಿಯಮ ಮಾಡಿಬಿಟ್ರು, ಒಂದೊಂದು ವಿಳಾಸಕ್ಕೆ ಹೋಗೋ ಟಪಾಲು ಕಮ್ಮಿ ಆದಷ್ಟೂ ಹಣದುಬ್ಬರ ಮೀರಿ ರೇಟ್ ಏರಿಸಬಹುದು ಅಂತ. ಅಂಗಡಿಗೆ ಬರೋ ಗಿರಾಕಿ ಕಮ್ಮಿ ಆದ ಅಂತ ಇದ್ದವನಿಗೆ ಡಬಲ್ ಬಿಲ್ ಹಾಕಿದ ಹಾಗಲ್ವಾ ಇದು.

ಉಲ್ಟಾ ಮಾಡಿ ಗೆದ್ದ ಉದಾಹರಣೆ ಇವರ ಕಣ್ಣೆದುರೇ ಇದೆ. ಬ್ರಿಟನ್ನಲ್ಲಿ ಒಂದು ಕಾಲದಲ್ಲಿ ದೂರ ಹೆಚ್ಚಾದಷ್ಟೂ, ಹಾಳೆ ಹೆಚ್ಚಾದಷ್ಟೂ ರೇಟು, ಬಡವರ ಕೈಗೆ ಎಟುಕ್ತಾನೇ ಇರ್ಲಿಲ್ಲ. ರೋಲೆಂಡ್ ಹಿಲ್ ಅನ್ನೋರು ಪಟ್ಟು ಹಿಡಿದು 1840ರಲ್ಲಿ ದೇಶದ ಯಾವ ಮೂಲೆಗಾದ್ರೂ ಒಂದೇ ಪೆನ್ನಿ ಅಂತ ಮಾಡಿಸಿದ್ರು. ಹಿಂದಿನ ವರ್ಷ ಸುಮಾರು 7.6 ಕೋಟಿ ಇದ್ದ ಕಾಗದ ಒಂದೇ ವರ್ಷಕ್ಕೆ ಸುಮಾರು 16.9 ಕೋಟಿ ಆಯ್ತು. ಆಗ ಫೋನ್ ಇರ್ಲಿಲ್ಲ ಅಂತೀರಾ, ಸರಿ, ಕಾಗದಕ್ಕೆ ಹಂಗೆ ಆಗಲ್ಲ ಅಂತಾನೇ ಇಟ್ಕೊಳ್ಳಿ. ಆದ್ರೆ ಪುಸ್ತಕಕ್ಕೆ, ಸಣ್ಣ ಪ್ಯಾಕೆಟ್ಟಿಗೆ ರೇಟ್ ಇಳಿಸಿ ನೋಡಿ, ಮನೇಲಿ ಕೂತು ಏನಾದ್ರೂ ಮಾಡಿ ಮಾರೋ ಜನ ಇವತ್ತು ಎಷ್ಟಿದ್ದಾರೆ, ಅವರೆಲ್ಲ ಬಂದು ಸಾಲು ನಿಲ್ತಾರೆ.

ನನಗೇನು ಬಿಟ್ಟಿ ಕಳಿಸಿಕೊಡಿ ಅಂತಿಲ್ಲ. ವರ್ಷಕ್ಕೆ ಒಂದೇ ಸಲ ಏರಿಸಿ, ಮೂರು ತಿಂಗಳು ಮುಂಚೆ ಹೇಳಿ, ಒಪ್ಕೊಂಡಿರೋ ಆರ್ಡರಿಗೆ ನಾವು ಕೈಯಿಂದ ದುಡ್ಡು ಹಾಕೋ ಹಾಗೆ ಮಾಡ್ಬೇಡಿ. ಸ್ಲ್ಯಾಬನ್ನ ಸಣ್ಣ ಸಣ್ಣದಾಗಿ ಒಡೀರಿ, ಆರು ಗ್ರಾಂ ಜಾಸ್ತಿ ಆದ್ರೆ ಆರು ಗ್ರಾಂಗೆ ತಕ್ಕ ಹಾಗೆ ತಗೊಳ್ಳಿ. ದೊಡ್ಡ ಕಂಪನಿಗೆ ಕೊಡೋ ಡಿಸ್ಕೌಂಟಲ್ಲಿ ಸ್ವಲ್ಪನಾದ್ರೂ ತಿಂಗಳಿಗೆ ಐವತ್ತು ಪ್ಯಾಕೆಟ್ ಕಳಿಸೋರಿಗೂ ಕೊಡಿ. ಇಷ್ಟು ಮಾಡಿದ್ರೆ ಯಾರ ಬೊಕ್ಕಸನೂ ಬರಿದಾಗಲ್ಲ.